ಗೋಡೆಗೊಂದು ಒಳ್ಳೆ ಮುಖ

ನಮ್ಮ ಮಂಡ್ಯದ ಕಡೆಯವರನ್ನು ಕ್ಯಾಮೆರಾ ಮುಂದೆ ಕೂರಿಸಿ "ಸ್ವಲ್ಪ ನಗಿ" ಅಂದರೆ ಅವರು ತಿರುಗಿ "ಯಾಕೆ?" ಅಂತ ಕೇಳುತ್ತಾರೆ. ಒರಟುತನಕ್ಕಲ್ಲ, ನಿಜವಾಗಿಯೂ ಕಾರಣ ತಿಳಿಯಬೇಕು ಅವರಿಗೆ. ಮದ್ದೂರಿನ ಪೇಟೆ ಬೀದಿಯಲ್ಲಿ ಅಪ್ಪ ನಡೆಸುತ್ತಿದ್ದ ಸ್ಟುಡಿಯೋ ನನ್ನ ಕೈಗೆ ಬಂದ ಹೊಸದರಲ್ಲಿ, ಒಬ್ಬ ಹೆಂಗಸಿಗೆ ಹೀಗೇ ನಗಲು ಹೇಳಿದೆ. ಆಕೆ ಸೆರಗು ಸರಿಮಾಡಿಕೊಂಡು, "ಏನಾಗದೆ ಅಂತ ನಗನವ್ವ? ಬೆಳಿಗ್ಗೆಯಿಂದ ಕರೆಂಟಿಲ್ಲ, ನಲ್ಲೀಲಿ ನೀರಿಲ್ಲ. ನಿಂಗೇನಾದ್ರೂ ಗೊತ್ತಿದ್ರೆ ಯೋಳು, ನಗಾಡನ" ಅಂದರು. ನನಗೂ ಏನೂ ಹೊಳೆಯಲಿಲ್ಲ. ಇಬ್ಬರೂ ಗಂಭೀರವಾಗಿ ಕೆಲಸ ಮುಗಿಸಿದೆವು.

ಅಪ್ಪ ಈ ತೊಂದರೆಗೇ ಹೋಗುತ್ತಿರಲಿಲ್ಲ. "ಅಲ್ಲಾಡಬೇಡಿ" ಅನ್ನುವುದೊಂದೇ ಅವರ ಮಂತ್ರ. ಹಾಗಾಗಿ ನಮ್ಮ ತಾಲ್ಲೂಕಿನ ಒಂದು ತಲೆಮಾರು ಪೂರ್ತಿ ಉಸಿರು ಬಿಗಿಹಿಡಿದು ಗೋಡೆಗಳ ಮೇಲೆ ನೇತಾಡುತ್ತಿದೆ. ನನಗೆ ಮಾತ್ರ ಮುಖ ಬೇಕಿತ್ತು. ಜನ ಮನೆಯಲ್ಲಿ, ಹೊಲದಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಇಟ್ಟುಕೊಂಡಿರುತ್ತಾರಲ್ಲ, ಆ ಮುಖ. ಸ್ಟುಡಿಯೋ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅದನ್ನೂ ಅಲ್ಲೇ ಬಿಟ್ಟು ಒಳಗೆ ಬರುತ್ತಾರೆ.

ಶಿವರಾತ್ರಿ ಕಳೆದು ಹೊಂಗೆ ಮರಗಳು ಚಿಗುರಿದವು ಅಂದರೆ ನನಗೆ ಒಳಗೆ ಕೂರಲು ಆಗುವುದಿಲ್ಲ. ಹೊಂಗೆ ನೆರಳು ತಾಯಿ ಮಡಿಲು ಅಂತ ಹಿಂದಿನವರು ಹೇಳಿದ್ದು ತಂಪಿನ ವಿಷಯಕ್ಕೆ. ಆದರೆ ಅದರ ಎಳೆ ಎಲೆಗಳಿಂದ ಸೋಸಿ ಬರುವ ಬೆಳಕು ಇದೆಯಲ್ಲ, ಅದರ ಕೆಳಗೆ ಎಂಥ ಸಿಡುಕು ಮೋರೆಯವರೂ ಒಂದು ಸುತ್ತು ಮೆತ್ತಗಾಗುತ್ತಾರೆ. ಆ ದಿನಗಳಲ್ಲಿ ಮದುವೆ ಗೊತ್ತಾದ ಜೋಡಿಗಳು ಸಾಲುಗಟ್ಟಿ ಬರುತ್ತವೆ. ಅವರ ಬೈಕನ್ನು ನನ್ನ ಸ್ಕೂಟರಿನ ಹಿಂದೆ ಕರೆದುಕೊಂಡು ನಿಡಘಟ್ಟದ ಕಡೆಯೋ ನಾಲೆ ಏರಿಯ ಮೇಲೋ ಹೋಗುತ್ತೇನೆ. "ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡಿ" ಅಂದರೆ ಹುಡುಗ ಹುಡುಗಿಯ ಕಣ್ಣಿನೊಳಗೆ ಬಿದ್ದ ಕಸ ಹುಡುಕುವವನಂತೆ ನೋಡುತ್ತಾನೆ. ದಾರಿಯಲ್ಲಿ ಹೋಗುವವರು ಬೈಕು ನಿಲ್ಲಿಸಿ, "ವಸಿ ಹತ್ರ ನಿಂತ್ಕಳ್ಳಲಾ, ಮದ್ವೆ ಆಗೋನಲ್ವಾ ನೀನು?" ಅಂತ ಪುಕ್ಕಟೆ ನಿರ್ದೇಶನ ಕೊಟ್ಟು ಹೋಗುತ್ತಾರೆ.

ಅಂಥ ಒಂದು ವಸಂತದಲ್ಲೇ ಕೊತ್ತತ್ತಿಯ ತಾತ ನನಗೆ ಸಿಕ್ಕಿದ್ದು.

ಮೊದಲು ಒಳಗೆ ಬಂದಿದ್ದು ಅಜ್ಜಿ. ತಾತ ಹಿಂದೆ ಬಾಗಿಲ ಚೌಕಟ್ಟಿಗೆ ಒರಗಿ, ತನಗೂ ಈ ವ್ಯವಹಾರಕ್ಕೂ ಸಂಬಂಧವಿಲ್ಲದವರ ಹಾಗೆ ಬೀದಿ ನೋಡುತ್ತಾ ನಿಂತರು. ಅಜ್ಜಿಯ ತವರು ಶಿವಪುರ. ತಮ್ಮನ ಮನೆಗೆ ಬಂದವರು ಹಾಗೇ ಪೇಟೆಗೆ ಬಂದಿದ್ದರು. ಸೊಂಟದ ಚೀಲದಿಂದ ತಾತನ ಓಟಿನ ಕಾರ್ಡು ತೆಗೆದು ನನ್ನ ಮುಂದೆ ಇಟ್ಟರು.

"ಈ ಮೂತಿ ನೋಡವ್ವ. ಕೋಳಿ ಕದ್ದು ಸಿಕ್ಕಾಕಂಡೋನಂಗಿಲ್ವಾ?"

ಇತ್ತು. ನಾನು ಹಾಗೆ ಹೇಳಲಿಲ್ಲ ಅಷ್ಟೇ.

"ಅವ್ನು ತಲೆ ಎತ್ತು ಅಂದ, ಎತ್ತಿದೆ" ಅಂದರು ತಾತ, ಬೀದಿ ನೋಡುತ್ತಲೇ. "ಇಳ್ಸು ಅಂದ, ಇಳಿಸ್ದೆ. ಇಳೀತಾ ಇರೋವಾಗ ಒತ್ಬುಟ್ಟ. ಅದ್ಕೆ ನಾನೇನ್ ಮಾಡ್ಲಿ?"

"ಇವರ್ದು ಅಂತ ಇರೋದು ಇದೊಂದೇ ಪೋಟೋ ಕಣವ್ವ" ಅಂದರು ಅಜ್ಜಿ. "ನಾಳೆ ಇವ್ರು ಓಗ್ಬುಟ್ರೆ ಇದನ್ನ ಗೋಡೆ ಮ್ಯಾಲೆ ಹಾಕಕ್ಕಾಯ್ತದಾ? ದಿನಾ ಎದ್ದು ನೋಡ್ಬೇಕಾದೋಳು ನಾನು."

"ನಾನೇ ಮೊದ್ಲು ಓಯ್ತೀನಿ ಅಂತ ಇವ್ಳಿಗೆ ಯಾರು ಯೋಳವ್ರೆ, ಕೇಳವ್ವ."

"ಓಗದಿದ್ರೆ ಇರಿ, ಯಾರು ಬ್ಯಾಡ ಅಂದೋರು? ಪೋಟೋ ಒಂದು ತೆಗಿಸ್ಬುಟ್ಟು ಇರಿ."

ತಾತನನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದೆ. ಹಿಂದೆ ಅಪ್ಪನ ಕಾಲದ ಪರದೆ. ಯಾವುದೋ ಜಲಪಾತ, ಪಕ್ಕದಲ್ಲಿ ಒಂದು ಬಿಳಿ ಮಹಡಿ ಮನೆ, ಕೊಳದಲ್ಲಿ ಹಂಸ. ತಾತ ಕತ್ತು ತಿರುಗಿಸಿ ಅದನ್ನು ತುಂಬ ಹೊತ್ತು ಪರೀಕ್ಷೆ ಮಾಡಿದರು.

"ಇದ್ಯಾವೂರವ್ವ?"

"ಗೊತ್ತಿಲ್ಲ ತಾತ. ಬರೆದಿರೋ ಪರದೆ ಅದು."

"ಗೊತ್ತಿಲ್ದಿರೋ ಊರಲ್ಲಿ ನಾನ್ಯಾಕೆ ಕುಂತ್ಕಳ್ಳಿ?" ಅಂತ ಎದ್ದೇಬಿಟ್ಟರು. "ನೋಡಿದ್ ಜನ ಏನಂದಾರು? ಇವ್ನು ಅಲ್ಲಿಗ್ ಯಾವಾಗ್ ಓಗಿದ್ದ ಅನ್ನಕ್ಕಿಲ್ವಾ? ತೆಗ್ಯಂಗಿದ್ರೆ ನಮ್ ಗದ್ದೆ ತಾವ್ ಬಂದು ತೆಗಿ."

ಆಗಲಿ ಅಂದೆ. ಹೊಂಗೆ ಹೂ ಬಿಡುತ್ತಿದ್ದ ಕಾಲ, ನನಗೂ ಹೊರಗೆ ಹೋಗಲು ಒಂದು ನೆಪ ಸಿಕ್ಕಿತು.

ಅದೇ ವಾರ ಒಂದು ಬೆಳಿಗ್ಗೆ ಬಿಸಿಲೇರುವ ಮೊದಲೇ ಕೊತ್ತತ್ತಿಗೆ ಹೋದೆ. ನಾಲೆ ಪಕ್ಕದಲ್ಲೇ ಅವರ ಗದ್ದೆ, ಏರಿಯ ಮೇಲೆ ದೊಡ್ಡದೊಂದು ಹೊಂಗೆ ಮರ. ಕೆಳಗೆಲ್ಲ ಮಂಡಕ್ಕಿ ಚೆಲ್ಲಿದ ಹಾಗೆ ಹೂ ಬಿದ್ದಿತ್ತು. ತಾತ ಮಗನ ಮದುವೆಗೆ ಹೊಲಿಸಿದ ಕರಿ ಕೋಟು, ಬಿಳಿ ಪಂಚೆ, ತಲೆಗೆ ಪೇಟದ ಹಾಗೆ ಸುತ್ತಿದ ವಲ್ಲಿ, ಎಲ್ಲದರಲ್ಲೂ ಸಿದ್ಧರಾಗಿ ಮರದ ಕೆಳಗೆ ನೆಟ್ಟ ಕಲ್ಲಿನಂತೆ ನಿಂತಿದ್ದರು. ಕೋಟಿನಿಂದ ನುಸಿಗುಳಿಗೆಯ ವಾಸನೆ ನಾಲೆಯ ಆ ಕಡೆಗೂ ಹೊಡೆಯುತ್ತಿತ್ತು.

ಬೆಳಕನ್ನು ಮುಖಕ್ಕೆ ತಿರುಗಿಸಲು ನನ್ನ ಹತ್ತಿರ ಒಂದು ದುಂಡನೆ ಬೆಳ್ಳಿ ಬಟ್ಟೆಯ ತಟ್ಟೆ ಇದೆ. ಅದನ್ನು ಹಿಡಿದುಕೊಳ್ಳಲು ಅಜ್ಜಿಯ ಕೈಗೆ ಕೊಟ್ಟೆ. ಅಜ್ಜಿ ಅದನ್ನು ಮೊರದ ಹಾಗೆ ಹಿಡಿದು, ಒಂದು ಸಲ ಹಾಗೆ ಹೀಗೆ ಆಡಿಸಿ, ಬಿಸಿಲನ್ನು ಸೀದಾ ತಾತನ ಕಣ್ಣಿಗೇ ಬಿಟ್ಟರು.

"ಕಣ್ ಕಿತ್ತಾಕ್ಬೇಕು ಅಂತ ಕರ್ಕಬಂದ್ಯಾ ನನ್ನ?"

"ಈಗ್ಲಾದ್ರೂ ಮೊಖಕ್ಕೆ ವಸಿ ಕಳೆ ಬಂತು, ಸುಮ್ನೆ ನಿಂತ್ಕಳಿ."

ತಾತ ಸುಮ್ಮನೆ ನಿಂತರು. ಅದೇ ತಾಪತ್ರಯವಾಯಿತು. ಮಾತಾಡುವಾಗ ಅಷ್ಟು ಜೀವಂತವಾಗಿದ್ದ ಮುಖ ನಾನು ಕ್ಯಾಮೆರಾ ಎತ್ತಿದ ಕೂಡಲೇ ಓಟಿನ ಕಾರ್ಡಿಗೆ ಹಿಂತಿರುಗುತ್ತಿತ್ತು. ಗಲ್ಲ ಮೇಲೆ, ಕಣ್ಣು ಕೆಳಗೆ, ಮೀಸೆ ಬಿಗಿ. ನಾನು ಮಾತಿಗೆ ಎಳೆದೆ. ಈ ಸಲ ಕಬ್ಬು ಹೇಗಿದೆ? "ಅದೆ." ಚಿಕ್ಕವರಿದ್ದಾಗ ಗರಡಿಯಲ್ಲಿ ಕುಸ್ತಿ ಮಾಡುತ್ತಿದ್ದರಂತೆ? "ಮಾಡ್ತಿದ್ದೆ." ಅಜ್ಜಿಯನ್ನು ಮೊದಲು ನೋಡಿದ್ದೆಲ್ಲಿ? "ಅವ್ರ ಮನೇಲಿ." ಇನ್ನೇನು ಕೇಳುವುದು? ಹೊಂಗೆ ಹೂವೊಂದು ಅವರ ಮೂಗಿನ ಮೇಲೆ ಬಿತ್ತು. ಅದನ್ನು ಒರೆಸಿಕೊಳ್ಳಲೂ ಇಲ್ಲ. ಫೋಟೋ ತೆಗೆಯುವಾಗ ಅಲ್ಲಾಡಬಾರದು ಅಂತ ನಮ್ಮಪ್ಪ ಇಡೀ ಜಿಲ್ಲೆಗೇ ಹೇಳಿಕೊಟ್ಟಿದ್ದರೋ ಏನೋ.

ಕೈ ಸೋತು ಅಜ್ಜಿ ಬೆಳ್ಳಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಏರಿಯ ಮೇಲೆ ಕೂತರು. ತಮ್ಮಷ್ಟಕ್ಕೆ ತಾವು ಅಂದರು: "ಆ ಮಳವಳ್ಳಿಯೋರಾದ್ರೂ ಇದ್ದಿದ್ರೆ ಏನಾರಾ ಅಂದು ನಗಾಡಿಸೋರು."

ತಾತನ ಕತ್ತು ಗಿರ್ರನೆ ತಿರುಗಿತು.

"ಆ ನನ್ಮಗನ ಎಸ್ರು ಎತ್ಬ್ಯಾಡ ಅಂತ ಯೋಳಿಲ್ವಾ ನಿಂಗೆ?"

"ನಾನೆಲ್ಲಿ ಎಸ್ರೆತ್ದೆ? ಊರೆಸ್ರೆತ್ದೆ."

"ಯಾರು ತಾತ ಅವರು?" ಅಂದೆ ನಾನು, ಕ್ಯಾಮೆರಾ ಇಳಿಸದೆ.

ಅಷ್ಟು ಸಾಕಾಯಿತು. ಅವರಿಬ್ಬರೂ ಒಂದೇ ಬೀದಿಯಲ್ಲಿ ಹುಟ್ಟಿ, ಒಂದೇ ಗರಡಿಯ ಮಣ್ಣು ಮೆತ್ತಿಕೊಂಡು ಬೆಳೆದವರಂತೆ. ಸ್ನೇಹಿತ ಆಮೇಲೆ ಮಳವಳ್ಳಿಗೆ ಹೋಗಿ ನೆಲೆಸಿದನಂತೆ. ಅವನ ಮಗಳ ಮದುವೆಯ ಬೀಗರೂಟದಲ್ಲಿ ತಾತ ಪಂಕ್ತಿಯ ಮಧ್ಯೆ ಕೂತು, ಎಲ್ಲರಿಗೂ ಕೇಳುವ ಹಾಗೆ, ಬಾಡಿನ ಸಾರಿಗೆ ಉಪ್ಪಿಲ್ಲ ಅಂದುಬಿಟ್ಟರಂತೆ. ಬೀಗರ ಮುಂದೆ ಮಾನ ಕಳೆದೆ ಅಂತ ಸ್ನೇಹಿತ ಅವತ್ತಿನಿಂದ ಮಾತು ಬಿಟ್ಟನಂತೆ.

"ಇಲ್ಲ ಅಂದೆ ಕಣವ್ವ! ಇದ್ದಿದ್ರೆ ಇಲ್ಲ ಅಂತಿದ್ನಾ? ಇಲ್ದಿದ್ದಕ್ಕೆ ಇಲ್ಲ ಅಂದೆ! ಒಂದಿಡಿ ಉಪ್ಪು ತಂದು ಸುರುದ್ರೆ ಮುಗೀತಿತ್ತು. ಆ ಮುಂಡೇದು, ಆ ಎಮ್ಮೆಮೋರೆಯೋನು, ಮೊಖ ಊದಿಸ್ಕಂಡು ಒಳೀಕ್ಕೋದೋನು ಇವತ್ಗೂ ಆಚೆ ಬಂದಿಲ್ಲ. ನಾಲೇಲಿ ಬಿದ್ದು ಸಾಯ್ತಿದ್ದೋನ್ನ ಜುಟ್ಟು ಇಡಿದು ಎಳೆದಾಕ್ದೋನು ನಾನು! ಅವತ್ತು ಬುಟ್ಬುಟ್ಟಿದ್ರೆ ಉಪ್ಪಿಲ್ಲದ ಸಾರು ಉಣ್ಣೋ ಗತಿ ಬತ್ತಿತ್ತಾ ನಂಗೆ?"

ಬೈಯುತ್ತಾ ಬೈಯುತ್ತಾ ತಾತನ ಮುಖ ತೆರೆದುಕೊಂಡಿತು. ಕಣ್ಣು ಕಿರಿದಾಗಿ ಅದರ ಸುತ್ತ ನೆರಿಗೆಗಳು ಎದ್ದವು, ವಲ್ಲಿ ಓರೆಯಾಯಿತು, ಅದರ ಮಡಿಕೆಯಲ್ಲಿ ನಾಲ್ಕಾರು ಹೊಂಗೆ ಹೂ ಸಿಕ್ಕಿಕೊಂಡವು. ಬಾಯಲ್ಲಿ ಬೈಗುಳ, ಮುಖದಲ್ಲಿ ಮಾತ್ರ ಬೇರೇನೋ. ತುಂಬ ದಿನದ ಮೇಲೆ ತನಗೆ ಇಷ್ಟವಾದ ತಿಂಡಿಯ ಹೆಸರು ಹೇಳುವ ಹುಡುಗನ ಹಾಗೆ. ನಾನು ಒಂದೇ ಸಮನೆ ತೆಗೆಯುತ್ತಾ ಹೋದೆ. ಬೈಗುಳ ಮುಗಿದ ಮೇಲೆ ಅವರು ಕೋಟು ಎಳೆದುಕೊಂಡು, ಮತ್ತೆ ಕಲ್ಲಾಗಿ, "ಊಂ, ಈಗ ತೆಗಿ" ಅಂದರು.

ಚೌಕಟ್ಟು ಹಾಕಿಸಿದ ಫೋಟೋವನ್ನು ಯುಗಾದಿಗೆ ಮುಂಚೆ ನಾನೇ ಕೊಟ್ಟು ಬಂದೆ. ತಾತ ನೋಡಿ, "ಬಾಯ್ ಬುಟ್ಕಂಡಿವ್ನಲ್ಲ" ಅಂದರು. ಅಜ್ಜಿ ಸೆರಗಿನಿಂದ ಗಾಜು ಒರೆಸಿದರು, ಒರೆಸುವುದಕ್ಕೇನೂ ಇರಲಿಲ್ಲ. ಆಮೇಲೆ ನನಗೆ ಮಾತ್ರ ಕೇಳುವಂತೆ, "ಇದೇ ಕಣವ್ವ. ಗರಡಿಯಿಂದ ಬರ್ತಿದ್ದಾಗ ಇಂಗೇ ಇದ್ರು" ಅಂದರು.

ಯುಗಾದಿಯ ಮರುದಿನ ನಮ್ಮ ಕಡೆ ಹೊಸತೊಡಕು. ಬೇವು-ಬೆಲ್ಲ, ಒಬ್ಬಟ್ಟಿನ ಸಾತ್ವಿಕವೆಲ್ಲ ಹಿಂದಿನ ದಿನಕ್ಕೇ ಮುಗಿದಿರುತ್ತದೆ. ಅವತ್ತು ಊರಿಗೂರೇ ಮಟನ್ ಅಂಗಡಿ ಮುಂದೆ ನಿಂತಿರುತ್ತದೆ. ನಾನು ಮನೆಯಲ್ಲಿ ಮಸಾಲೆ ಹುರಿಯುತ್ತಿದ್ದೆ. ಫೋನು ಬಂತು. ಮಂಡ್ಯದಲ್ಲಿ ನನಗೆ ದೊಡ್ಡ ಪ್ರಿಂಟುಗಳನ್ನು ಹಾಕಿಕೊಡುವ ಫ್ಲೆಕ್ಸ್ ಅಂಗಡಿಯವನು.

"ಅಕ್ಕಾ, ಕೊತ್ತತ್ತಿ ತಾತಂದು ಒಂದು ಪೋಟೋ ತೆಗ್ದಿದ್ರಲ್ಲ, ಅದರ ಒರಿಜಿನಲ್ ಕಳಿಸ್ತೀರಾ? ಪಕ್ಕದೂರಿನ ಹುಡುಗ್ರು ಶ್ರದ್ಧಾಂಜಲಿ ಫ್ಲೆಕ್ಸ್ ಕೇಳವ್ರೆ. ಅವ್ರು ಕೊಟ್ಟಿರೋದು ವಾಟ್ಸಾಪಿಂದು, ಮಸುಕು ಮಸುಕಾಗದೆ."

"ಯಾರಿಗೆ ಶ್ರದ್ಧಾಂಜಲಿ?"

"ಅಯ್ಯೋ, ಗೊತ್ತಿಲ್ವಾ ಅಕ್ಕ? ನೆನ್ನೆ ಹಬ್ಬದ ದಿನವೇ ಓಗ್ಬುಟ್ರಂತೆ."

ಒಲೆ ಆರಿಸಿದೆ. ಕಂಪ್ಯೂಟರಿನಲ್ಲಿ ಆ ಫೋಟೋ ತೆರೆದರೆ ತಾತ ಬಾಯಿ ತುಂಬ ಬೈಯುತ್ತಿದ್ದರು. ಅದನ್ನು ಕತ್ತರಿಸಿ, ಸುತ್ತ ಹೂವಿನ ಚೌಕಟ್ಟು ಹಾಕಿ ಕಳಿಸುವುದು ನನ್ನಿಂದ ಆಗಲಿಲ್ಲ. "ಆಮೇಲೆ ಕಳಿಸ್ತೀನಿ" ಅಂತ ಹೇಳಿ, ಸೀರೆ ಬದಲಾಯಿಸಿ, ಸ್ಕೂಟರ್ ತೆಗೆದೆ.

ಮಂಡ್ಯದಲ್ಲಿ ಒಂದು ಗುಲಾಬಿ ಹಾರ ಕೊಂಡು ಹ್ಯಾಂಡಲಿಗೆ ಸಿಕ್ಕಿಸಿಕೊಂಡೆ. ದಾರಿ ಉದ್ದಕ್ಕೂ ಹೊಂಗೆಯ ಚಿಗುರು ಬಿಸಿಲಿಗೆ ಹೊಳೆಯುತ್ತಿತ್ತು. ನನಗೆ ಅದರ ಮೇಲೆ ಕೋಪ ಬಂತು. ಗೋಡೆಗೆ ಫೋಟೋ ಬೇಕು ಅಂತ ಅಜ್ಜಿ ಕೇಳಿದ್ದೇ ಒಂದು ಅಪಶಕುನವಾಯಿತೇನೋ ಅಂತೆಲ್ಲ ತಲೆಗೆ ಬಂದು, ಕೊತ್ತತ್ತಿ ಬರುವಷ್ಟರಲ್ಲಿ ಕಣ್ಣು ಕೆಂಪಾಗಿತ್ತು.

ಅವರ ಬೀದಿಗೆ ತಿರುಗಿದಾಗ ಮೊದಲು ಎದುರಾದದ್ದು ಅಳುವಿನ ಸದ್ದಲ್ಲ, ಘಮ. ಕೊತ್ತಂಬರಿ, ಚಕ್ಕೆ, ಲವಂಗ, ಎಳೇ ಬಾಡು ಬೇಯುವ ಘಮ. ಸಾವಿನ ಮನೆಯ ಪಕ್ಕದಲ್ಲೇ ಹೀಗೆ ಬೇಯಿಸುತ್ತಿದ್ದಾರಲ್ಲ, ಎಂಥ ಕಲ್ಲು ಜನ ಅಂದುಕೊಂಡೆ. ಘಮ ಬರುತ್ತಿದ್ದದ್ದು ಸಾವಿನ ಮನೆಯಿಂದಲೇ. ಜಗಲಿಯ ಮೇಲೆ ಹೊಸ ಪಂಚೆ ಉಟ್ಟು, ಕಾಲು ಇಳಿಬಿಟ್ಟುಕೊಂಡು, ತಾತ ಬೆಳ್ಳುಳ್ಳಿ ಸುಲಿಯುತ್ತಿದ್ದರು.

ನಾನು ಹಾರ ಹಿಡಿದುಕೊಂಡು ಬೀದಿ ಮಧ್ಯೆ ನಿಂತೆ.

"ಯಾಕವ್ವ, ದೆವ್ವ ಕಂಡಂಗ್ ನಿಂತ್ಕಂಡೆ? ಬಾ. ನೀನೂ ತಂದ್ಯಾ ಆರ?" ಅಂದರು ತಾತ. "ಆ ಕರೀಗೆ ಇನ್ನೂ ಯಾರೂ ಆಕಿಲ್ಲ. ಅದ್ರ ಕೊಳ್ಳೀಗ್ ಆಕ್ಬುಡು."

ಕೊಟ್ಟಿಗೆಯ ಕಡೆ ನೋಡಿದೆ. ಮೂರು ಹಸು, ಒಂದು ಕರು, ಕರಿ ಹಸುವನ್ನು ಬಿಟ್ಟು ಎಲ್ಲದರ ಕೊರಳಲ್ಲೂ ಹಾರ. ಕರು ತನ್ನದನ್ನು ಅರ್ಧ ತಿಂದು ಮುಗಿಸಿತ್ತು.

ಸೊಸೆ ಹೊರಗೆ ಬಂದು ತಲೆ ಚಚ್ಚಿಕೊಂಡಳು. ಅವಳು ಹೇಳಿದ್ದಿಷ್ಟು. ಹಬ್ಬದ ದಿನ ಹೊಸ ಫೋಟೋವನ್ನು ಹಾಕಲು ಮೊಳೆ ಇದ್ದದ್ದು ದೇವರ ಪಟಗಳ ಸಾಲಿನಲ್ಲಿ ಮಾತ್ರ, ಅಲ್ಲೇ ಹಾಕಿದರು. ದೇವರಿಗೆ ತಂದ ಸೇವಂತಿಗೆ ಹಾರದಲ್ಲಿ ಒಂದು ತುಂಡು ಮಿಕ್ಕಿತು. ಫೋಟೋ ಬೋಳಾಗಿ ಕಾಣುತ್ತದೆ ಅಂತ ಅಜ್ಜಿ ಅದನ್ನು ಅದಕ್ಕೇ ಮುಡಿಸಿದರು. ಮುಂದೆ ದೀಪ ಇತ್ತು, ಊದುಬತ್ತಿ ಇತ್ತು. ಎಷ್ಟು ಚೆನ್ನಾಗಿ ಕಾಣುತ್ತದೆ ಮಾವನ ಫೋಟೋ ಅಂತ ಸೊಸೆ ಮೊಬೈಲಿನಲ್ಲಿ ಒಂದು ತೆಗೆದು, ಏನೂ ಬರೆಯದೆ, ಕೈ ಮುಗಿದ ಚಿತ್ರ ಒಂದನ್ನು ಸೇರಿಸಿ, ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ, ಫೋನು ಚಾರ್ಜಿಗಿಟ್ಟು ಮಲಗಿದಳು. ಬೆಳಗಾಗುವಷ್ಟರಲ್ಲಿ ತಾತ ಮೂರು ತಾಲ್ಲೂಕಿಗೆ ಸತ್ತುಹೋಗಿದ್ದರು.

ಎಲ್ಲರಿಗಿಂತ ಕಷ್ಟವಾದದ್ದು ಮಗನಿಗೆ. ಅವನು ಮುಂಜಾನೆಯೇ ಮಂಡ್ಯಕ್ಕೆ ಹೋಗಿ ಮಟನ್ ಸಾಲಿನಲ್ಲಿ ನಿಂತಿದ್ದ. ಹಿಂದೆ ಇದ್ದವನೊಬ್ಬ ಇವನ ಹೆಗಲು ತಿರುಗಿಸಿ, "ಅಪ್ಪ ಓಗವ್ನೆ, ಇಲ್ಲಿ ಬಾಡು ತಗಳಕ್ಕೆ ನಿಂತಿದ್ಯಲ್ಲೋ, ನಾಚ್ಕೆ ಆಗಲ್ವಾ ನಿಂಗೆ?" ಅಂತ ಎಲ್ಲರೆದುರು ಉಗಿದನಂತೆ. ಇವನಿಗೆ ಎದೆ ಒಡೆದು, ಮನೆಗೆ ಫೋನು ಮಾಡಿದರೆ ಎತ್ತಿದ್ದು ಅಪ್ಪನೇ. "ಮೂಳೆ ಜಾಸ್ತಿ ಆಕ್ಸಬ್ಯಾಡ, ತೊಡೆ ಕಡೇದು ಆಕ್ಸು" ಅಂದರಂತೆ.

ತಾತ ಮಾತ್ರ ಆ ದಿನವನ್ನು ಚೆನ್ನಾಗಿಯೇ ಅನುಭವಿಸುತ್ತಿದ್ದರು. ಬಂದವರಿಗೆಲ್ಲ ಒಂದು ನಿಯಮ ಮಾಡಿದ್ದರು. "ನನ್ ವಿಸ್ಯ ಏನ್ ಯೋಳನ ಅಂತ ಬಂದ್ಯೋ ಅದನ್ನ ಯೋಳ್ಬುಟ್ಟು ಉಣ್ಣಕ್ ಕುಂತ್ಕೊ." ಒಬ್ಬರು, ಒಳ್ಳೆಯ ಮನುಷ್ಯ, ಇರುವೆಗೂ ಕೆಟ್ಟದ್ದು ಮಾಡಿದವರಲ್ಲ ಅಂತ ತಡವರಿಸಿದರು. ತಾತ ತಲೆಯಾಡಿಸಿ, "ಸುಳ್ಳು. ಮುಂದೆ ಯೋಳು" ಅಂದರು. ನನ್ನ ಸರದಿ ಬಂದಾಗ, ನಿಮ್ಮಂಥ ಮುಖ ನನಗೆ ಇನ್ನೊಂದು ಸಿಕ್ಕಿಲ್ಲ ತಾತ ಅಂದೆ. ಅದಕ್ಕವರು ಒಂದು ಹಿಡಿ ಬೆಳ್ಳುಳ್ಳಿ ನನ್ನ ಕಡೆಗೆ ತಳ್ಳಿದರು, ಸುಲಿಯುವುದಕ್ಕೆ.

ಹೊತ್ತು ನೆತ್ತಿಗೆ ಬರುವ ಹೊತ್ತಿಗೆ ಬೀದಿ ಕೊನೆಯಲ್ಲಿ ಆಟೋ ನಿಂತ ಸದ್ದಾಯಿತು. ಹಿಂದೆಯೇ ಎದೆ ಸೀಳುವಂಥ ಅಳು. ದಪ್ಪ ಮೈಯ ಒಬ್ಬ ಮುದುಕರು, ಟವೆಲು ಬಾಯಿಗೆ ಒತ್ತಿಕೊಂಡು, ಓಡಲಾರದೆ ಓಡುತ್ತಾ ಬರುತ್ತಿದ್ದರು.

"ಒಂಟೋದ್ಯಲ್ಲೋ ನನ್ನಪ್ಪಾ... ನನ್ ಕುಟ್ಟೆ ಒಂದ್ ಮಾತೂ ಆಡ್ದಂಗೆ ಒಂಟೋದ್ಯಲ್ಲೋ..."

ಜಗಲಿಯ ಮೇಲಿದ್ದವರೆಲ್ಲ ಕತ್ತು ತಿರುಗಿಸಿದರು. ಒಳಗಿಂದ ಅಜ್ಜಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನನ್ನ ಕಿವಿಯಲ್ಲಿ "ಮಳವಳ್ಳಿಯೋರು" ಅಂದರು.

ತಾತ ಎದ್ದು ನಿಂತರು. ಬಂದವರು ಕಣ್ಣೊರೆಸಿಕೊಂಡು ತಲೆ ಎತ್ತಿದರು. ಅಳು ಅರ್ಧದಲ್ಲಿ ತುಂಡಾಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತರು. ಕೊಟ್ಟಿಗೆಯಲ್ಲಿ ಕರು ಹಾರ ಅಗಿಯುವ ಸದ್ದು ಮಾತ್ರ.

"ಸತ್ತಿಲ್ವೇನ್ಲಾ ನೀನು?"

"ಇಲ್ಲ ಕಣ್ಲಾ. ಬ್ಯಾಸ್ರಾಯ್ತಾ?"

"ಮಳವಳ್ಳಿಯಿಂದ ಇಲ್ಲೀಗಂಟ ಅತ್ಕಂಡು ಬಂದಿವ್ನಿ ಕಣ್ಲಾ! ಆಟೋದೋನು ಕೂಡ ಅತ್ಬುಟ್ಟ!"

"ಅಳು ಅಂತ ನಾನಂದ್ನಾ?"

ಮಳವಳ್ಳಿಯ ತಾತ ಟವೆಲು ಬೀಸಿ ರಪ್ಪನೆ ಇವರ ಭುಜಕ್ಕೆ ಹೊಡೆದರು. ಇನ್ನೊಂದು ಸಲ ಹೊಡೆದರು. ಮೂರನೆಯ ಸಲ ಎತ್ತಿದ ಕೈ ಅಲ್ಲೇ ನಿಂತಿತು. ಈ ಸಲ ಬಂದ ಅಳು ಬೇರೆ ಥರ ಇತ್ತು, ಸದ್ದಿರಲಿಲ್ಲ. ತಾತ ಆ ಟವೆಲನ್ನು ಅವರ ಕೈಯಿಂದ ಕಿತ್ತುಕೊಂಡು ಮೊದಲು ತಮ್ಮ ಕಣ್ಣು ಒರೆಸಿಕೊಂಡರು, ಆಮೇಲೆ ವಾಪಸು ಕೊಟ್ಟರು.

"ಕಾಲ್ ತೊಳ್ಕಳಿ ಇಬ್ರೂ. ಎಲೆ ಆಕಿವ್ನಿ" ಅಂದರು ಅಜ್ಜಿ ಒಳಗಿಂದ, ಏನೂ ಆಗದವರ ಹಾಗೆ.

ಎಲ್ಲರೂ ಕೇಳುತ್ತಾರೆ, ಆ ಫೋಟೋ ತೆಗೆದೆಯಾ ಅಂತ. ಇಲ್ಲ. ಸಾವಿನ ಮನೆಗೆ ಯಾರಾದರೂ ಕ್ಯಾಮೆರಾ ತೆಗೆದುಕೊಂಡು ಹೋಗುತ್ತಾರೆಯೇ? ಮೊಬೈಲು ಚೀಲದಲ್ಲಿತ್ತು, ಎರಡೂ ಕೈಗೆ ಬೆಳ್ಳುಳ್ಳಿ ಮೆತ್ತಿತ್ತು. ಊಟದ ಹೊತ್ತಿಗೆ ಅವರಿಬ್ಬರೂ ಪಕ್ಕಪಕ್ಕ ಕೂತಾಗಲಂತೂ ನನ್ನ ಬೆರಳೆಲ್ಲ ಮುದ್ದೆಯಲ್ಲಿದ್ದವು.

ಸಾರು ಬಡಿಸಿದ ಮೇಲೆ ಪಂಕ್ತಿಗೆ ಪಂಕ್ತಿಯೇ ಮಳವಳ್ಳಿಯ ತಾತನ ಬಾಯಿ ನೋಡುತ್ತಾ ಕೂತಿತ್ತು. ಅವರು ಮುದ್ದೆ ಮುರಿದು, ಅದ್ದಿ, ನುಂಗಿದರು. ಇನ್ನೊಂದು ತುತ್ತು ನುಂಗಿದರು. ಕೊನೆಗೆ ತಡೆಯಲಾರದೆ ನಮ್ಮ ತಾತನೇ ಕೇಳಿದರು.

"ಎಂಗದ್ಲಾ?"

"ಉಣ್ತಾ ಇವ್ನಲ್ಲ."

"ಉಪ್ಪು?"

"ಅವತ್ತೂ ಇತ್ತು ಕಣ್ಲಾ. ನಿನ್ ನಾಲ್ಗೆ ಕೆಟ್ಟಿತ್ತು."

"ಇರ್ಲಿಲ್ಲ."

"ಇತ್ತು."

"ಇರ್ಲಿಲ್ಲ ಅಂದ್ನಲ್ಲ!"

ಅಜ್ಜಿ ಇಬ್ಬರ ಎಲೆಗೂ ಒಂದೊಂದು ಚಿಟಿಕೆ ಉಪ್ಪು ಹಾಕಿ ಮುಂದೆ ಹೋದರು. ಜಗಳ ಮಜ್ಜಿಗೆಯವರೆಗೂ ನಡೆಯಿತು. ಮಾತು ಬಿಟ್ಟಿದ್ದವರು ಅಂತ ಯಾರೂ ನಂಬುವ ಹಾಗಿರಲಿಲ್ಲ.

ಕೈ ತೊಳೆಯುತ್ತಿದ್ದಾಗ ಫ್ಲೆಕ್ಸ್ ಅಂಗಡಿಯವನು ಬೈಕಿನಲ್ಲಿ ಬಂದ. ಅವನದು ಪಕ್ಕದ ಊರು. ಹಬ್ಬದ ಊಟಕ್ಕೆ ಮನೆಗೆ ಹೋಗುವವನು, ನಾನು ಒರಿಜಿನಲ್ ಕಳಿಸಲಿಲ್ಲವೆಂದು ಮಸುಕು ಫೋಟೋದಲ್ಲೇ ಮುದ್ರಿಸಿ, ಸುರುಳಿ ಸುತ್ತಿ ತಂದಿದ್ದ. ಜಗಲಿಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದ ತಾತನನ್ನು ನೋಡಿ ಅವನ ಬೈಕು ತಾನೇ ಆಫ್ ಆಯಿತು.

"ಬಿಚ್ಚು, ನೋಡನ" ಅಂದರು ತಾತ.

ಇಬ್ಬರು ಹಿಡಿದು ಬಿಡಿಸಿದರು. ಆಳೆತ್ತರದ ಫ್ಲೆಕ್ಸು. ಮೋಡಗಳ ಮಧ್ಯೆ ಬಾಯಿ ಬಿಟ್ಟುಕೊಂಡ ತಾತ, ಮೇಲೆ ಎರಡು ಪಾರಿವಾಳ, "ಮತ್ತೆ ಹುಟ್ಟಿ ಬನ್ನಿ" ಅಂತ ದಪ್ಪಕ್ಷರ. ಕೆಳಗೆ ದುಃಖತಪ್ತರ ಸಣ್ಣಸಣ್ಣ ಮುಖಗಳು ಸಾಲಾಗಿ, ಅರ್ಧಕ್ಕರ್ಧ ಜನ ತಂಪು ಕನ್ನಡಕ ಹಾಕಿದ್ದರು.

"ಓಗಿದ್ರಲ್ವಾ ಬರಕ್ಕೆ" ಅಂದರು ತಾತ. ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದರು. "ಗಟ್ಟಿಯಾಗದೆ. ಮಳೆಗಾಲಕ್ಕೆ ಉಲ್ಲಿನ ಮೆದೆ ಮ್ಯಾಕೆ ಒದಿಸ್ಬೋದು."

ಮಳವಳ್ಳಿಯ ತಾತ ಬಗ್ಗಿ, ಕೆಳಗಿನ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹುಡುಕಿದರು. ಮುಖ ಕಪ್ಪಿಟ್ಟಿತು.

"ಇದ್ಯಾರ್ಲಾ ಇವೆಲ್ಲ? ಇವ್ರೆಲ್ಲ ಅವ್ರೆ, ನನ್ ಪೋಟೋ ಯಾಕಿಲ್ಲ?"

"ನಿಂದು ಕೊಟ್ಟೋರ್ಯಾರು? ಮಾತ್ ಬುಟ್ಟಿದ್ಯಲ್ಲ" ಅಂದರು ತಾತ.

"ಮಾತ್ ಬುಟ್ರೆ? ಅಳೋದಕ್ಕೆ ನಾನೇ ಬರ್ಬೇಕಾಯ್ತಲ್ಲ!" ಅಂತ ರೇಗಿ ನನ್ನ ಕಡೆ ತಿರುಗಿದರು. "ಅವ್ವಾ, ಇವಂಗೆ ಪೋಟೋ ತೆಗ್ದೋಳು ನೀನೇ ಅಲ್ವಾ? ಬಿರ್ನೆ ನಂದೂ ಒಂದು ತೆಗಿ."

ಹೀಗೆ ನಾನು ಮಳವಳ್ಳಿಗೆ ಹೋಗುವಂತಾಯಿತು. ಅಷ್ಟು ಹೊತ್ತಿಗೆ ಹೊಂಗೆ ಹೂವು ಮುಗಿದು, ಅವರ ಹಿತ್ತಲಿನ ಬೇವಿನ ಮರ ಹೂ ಬಿಟ್ಟಿತ್ತು. ಹಿತ್ತಲಿಗೆಲ್ಲ ಅದರ ಕಹಿ-ಸಿಹಿ ಕಂಪು. ತವರಿಗೆ ಬಂದಿದ್ದ ಅವರ ಮಗಳು ಒಂದು ಕುರ್ಚಿ ತಂದು ಹಾಕಿದಳು. ಮಳವಳ್ಳಿಯ ತಾತ ಕ್ಷೌರ ಮಾಡಿಸಿಕೊಂಡು, ಗರಿಗರಿ ಅಂಗಿ ಹಾಕಿ ಕೂತರು. ನಾನು ಕ್ಯಾಮೆರಾ ಎತ್ತಿದ ಕೂಡಲೇ ಉಸಿರು ಬಿಗಿಹಿಡಿದರು.

ನನಗೆ ಈಗ ಗುಟ್ಟು ಗೊತ್ತಿತ್ತಲ್ಲ. ಕೊತ್ತತ್ತಿಯ ತಾತನ ಬಗ್ಗೆ ಕೇಳಿದೆ. ಬೀಗರೂಟದ ಬಗ್ಗೆ ಕೇಳಿದೆ. ಉಪ್ಪಿನ ಬಗ್ಗೆಯೂ ಕೇಳಿದೆ.

"ಏನೋ ಅಂದ, ಬುಡವ್ವ" ಅಂದರು ಅವರು ಮೆತ್ತಗೆ. "ಅವ್ನ್ ಬಾಯೇ ಅಂಗೆ. ಒಳ್ಳೆ ಮನ್ಸ."

ಮುಖ ಒಂದಿಷ್ಟೂ ಕದಲಲಿಲ್ಲ. ಆಗ ಬಾಗಿಲಲ್ಲಿ ಸದ್ದಾಗಿ ನೋಡಿದರೆ, ಬಸ್ಸು ಹತ್ತಿ ಕೊತ್ತತ್ತಿಯ ತಾತನೂ ಅಜ್ಜಿಯೂ ಬಂದಿಳಿದಿದ್ದರು. ಬೈಯುವಾಗ ತೆಗೆದರೇ ಮುಖ ಬರುವುದು ಅಂತ ಅಜ್ಜಿ ಗಂಡನನ್ನು ಎಬ್ಬಿಸಿಕೊಂಡು ಬಂದಿದ್ದರು. "ಏನಾರಾ ಅನ್ನಿ, ಅವ್ರಿಗೆ ಕ್ವಾಪ ಬರ್ಲಿ" ಅಂತ ತಾತನನ್ನು ಮುಂದಕ್ಕೆ ತಳ್ಳಿದರು. ತಾತ ಕುರ್ಚಿಯ ಎದುರು ಹೋಗಿ ನಿಂತರು, ಗಂಟಲು ಸರಿಮಾಡಿಕೊಂಡರು, ಒಂದು ಬೈಗುಳಕ್ಕಾಗಿ ತುಂಬ ಪ್ರಯತ್ನಪಟ್ಟರು.

"ಅಂಗಿ ಚೆಂದಾಗದೆ ಕಣ್ಲಾ" ಅಂದರು.

"ಮಗ್ಳು ತಂದ್ಲು" ಅಂದರು ಅವರು, ಇನ್ನೂ ಸೆಟೆದು ಕೂತು.

"ಕೆಲ್ಸ ಕೆಟ್ಟೋಯ್ತು" ಅಂತ ಅಜ್ಜಿ ಬಂದವರೇ ಎತ್ತಿಕೊಂಡಿದ್ದ ಬೆಳ್ಳಿ ತಟ್ಟೆಯನ್ನು ನನ್ನ ಕೈಗೇ ವಾಪಸು ಕೊಟ್ಟರು.

ಬಿಸಿಲು ಏರುವವರೆಗೂ ಪ್ರಯತ್ನಿಸಿದೆ. ಜಗಳವಿಲ್ಲದ ಇಬ್ಬರು ಮುದುಕರಿಂದ ಏನನ್ನೂ ಹೊರಡಿಸಲು ಆಗಲಿಲ್ಲ. ಕೊನೆಗೆ ನನಗೆ ಸಿಕ್ಕಿದ್ದು ನಮ್ಮಪ್ಪ ತೆಗೆಯುತ್ತಿದ್ದಂಥದ್ದೇ ಒಂದು ಫೋಟೋ: ಗಲ್ಲ ಮೇಲೆ, ಮೀಸೆ ಬಿಗಿ, ಉಸಿರು ಒಳಗೆ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ತೋರಿಸಿ, ಬೇಡವಾದರೆ ಇನ್ನೊಂದು ದಿನ ಬರುತ್ತೇನೆ ಅಂದೆ. ಮಳವಳ್ಳಿಯ ತಾತ ಅದನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಅವರ ಸಂತೋಷ ಹೇಳತೀರದು.

"ಇದು ಪೋಟೋ ಅಂದ್ರೆ! ನೋಡ್ಲಾ, ಎಂಗ್ ಗಂಭೀರವಾಗಿ ಕುಂತಿವ್ನಿ. ನಿನ್ನಂಗೆ ಬಾಯ್ ಬುಟ್ಕಂಡಿಲ್ಲ."

ತಾತನೂ ಬಗ್ಗಿ ನೋಡಿ, ನಿಜಕ್ಕೂ ಮೆಚ್ಚಿ ತಲೆದೂಗಿದರು. "ನಂಗೂ ಇಂಗೇ ಒಂದು ತೆಗಿಬೋದಿತ್ತಲ್ವಾ ಅವ್ವ?" ಅಂತ ನನ್ನನ್ನು ಕೇಳಿದರು, ಸ್ವಲ್ಪ ಬೇಸರದಿಂದಲೇ.

ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡು ಬೇವಿನ ಮರದ ಕಡೆ ತಿರುಗಿಕೊಂಡಿದ್ದರು. ಮಗಳು ಒಳಗಿಂದ ಕಾಫಿಗೆ ಕರೆದಳು. ನಾನು ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು, ಇನ್ನೊಂದು ಕುರ್ಚಿ ತರಲು ಹೇಳಿ, ಕೋಟಿಲ್ಲದ ಕೊತ್ತತ್ತಿಯ ತಾತನನ್ನೂ ಅದರ 
ಮೇಲೆ ಕೂರಿಸಿದೆ. ಇಬ್ಬರೂ ಒಟ್ಟಿಗೆ ಉಸಿರು ಬಿಗಿಹಿಡಿದರು.